ಬೆನ್ನ ಮೇಲಿನ ತಾಲ್ಲೂಕು

ಮಲೇಷ್ಯಾದ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಶೌಕತ್ ಎಲ್ಲಿದ್ದಾರೆ ಎಂದು ಕೇಳಿದರೆ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ‘ಡಾಕ್ಟರ್ ಸೈಬೀರಿಯಾ’ ಎಲ್ಲಿ ಎಂದರೆ ಥಟ್ಟನೆ ಕೈ ತೋರಿಸುತ್ತಿದ್ದರು. ಹಾಗೆ ಕರೆದವರನ್ನು ಅವನು ಪ್ರತಿ ಸಲವೂ ನಿಲ್ಲಿಸಿ ತಿದ್ದುತ್ತಿದ್ದ. ಸೈಬೀರಿಯಾ ಇರುವುದು ಉರಾಲ್ ಬೆಟ್ಟಗಳ ಆಚೆ, ರಷ್ಯಾದಲ್ಲಿ ಓದುವಾಗ ತಾನಿದ್ದದ್ದು ಈಚೆ, ಆ ಜಾಗದ ಹೆಸರು ತಿಖೊರೆಚ್ಯೆ ರಯಾನ್, ರಯಾನ್ ಅಂದರೆ ನಮ್ಮಲ್ಲಿ ತಾಲ್ಲೂಕು ಇದ್ದ ಹಾಗೆ ಎಂದು ಶುರು ಮಾಡಿದರೆ ಎದುರಿಗಿದ್ದವನ ಟೀ ಆರಿ ನೀರಾಗುತ್ತಿತ್ತು. ಅವನು ಕಲಿಸುತ್ತಿದ್ದದ್ದು ಸಮುದಾಯ ಆರೋಗ್ಯ. ಕಾಲರಾ ಹೇಗೆ ಹರಡುತ್ತದೆ ಎನ್ನುವುದಕ್ಕೂ ತಿಖೊರೆಚ್ಯೆ, ಲಸಿಕೆ ಹೇಗೆ ತಲುಪಿಸಬೇಕು ಎನ್ನುವುದಕ್ಕೂ ತಿಖೊರೆಚ್ಯೆ. ಬೋರ್ಡಿನ ಮೇಲೆ ಮೊದಲು ಅಂಕುಡೊಂಕಾಗಿ ಒಂದು ನದಿ ಬರೆಯುತ್ತಿದ್ದ, ಪಾಠ ಆಮೇಲೆ. ಅನಾಟಮಿ ಕಲಿಸುವ ಸುಬ್ರಾಯರು ಮಂಗಳೂರು ಕಡೆಯವರು. ಕಾರಿಡಾರಿನಲ್ಲಿ ಎದುರಾದರೆ ಸಾಕು, "ಎಂಥ ಮಾರಾಯ್ರೆ, ನಿಮ್ಮ ತಾಲೂಕಲ್ಲಿ ಎಲ್ಲ ಕ್ಷೇಮವಾ?" ಎನ್ನುತ್ತಿದ್ದರು. ಅದು ಗೇಲಿ ಎಂದು ಶೌಕತ್‌ಗೆ ಹೊಳೆಯುತ್ತಲೇ ಇರಲಿಲ್ಲ. "ಈಗ ಅಲ್ಲಿ ಹಿಮ ಕರಗೋ ಟೈಮ್ ಸರ್," ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದ.

ಹೊರಗಿನವರಿಗೇನು, ಇದು ತಮಾಷೆ. ಕಟ್ಟಿಕೊಂಡವಳ ಪಾಡು ಕೇಳಬೇಕು. ಗಂಡನ ಮನಸ್ಸಿನಲ್ಲಿ ಬೇರೊಬ್ಬಳಿದ್ದಾಳೆ ಎಂದು ಗೊತ್ತಾದರೆ ಹೆಂಗಸು ತವರಿಗೆ ಹೋಗಬಹುದು, ಹಿರಿಯರನ್ನು ಸೇರಿಸಬಹುದು, ಪಾತ್ರೆ ಎಸೆಯಬಹುದು. ಬೇರೊಂದು ತಾಲ್ಲೂಕಿದೆ ಎಂದು ಗೊತ್ತಾದರೆ ಏನು ಮಾಡುವುದು? ಬದ್ರುನ್ನೀಸಾಳಿಗೆ ಇದು ಗೊತ್ತಾಗಿದ್ದು ಮದುವೆಯಾದ ಹೊಸತರಲ್ಲೇ. ಸವಣೂರಿನ ಅವಳ ತವರಿನಲ್ಲಿ ಅಳಿಯನಿಗೆ ಬಿರಿಯಾನಿ ಬಡಿಸುತ್ತಿದ್ದಾಗ ಅವನು ಆಲೂಗಡ್ಡೆಯ ತುಂಡೊಂದನ್ನು ಎತ್ತಿ ಹಿಡಿದು, ತಿಖೊರೆಚ್ಯೆಯ ದಕ್ಷಿಣದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆ ಇದರ ಎರಡರಷ್ಟಿರುತ್ತದೆ ಎಂದು ಅತ್ತೆಗೆ ವಿವರಿಸಿದ್ದ. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಹೌದೇನಪಾ," ಅಂದಿದ್ದರು. ಬದ್ರುನ್ನೀಸಾ ಅವತ್ತಿನಿಂದಲೇ ಆ ಊರಿಗೆ ‘ನನ್ನ ಸವತಿ’ ಎಂದು ಹೆಸರಿಟ್ಟಿದ್ದಳು. ಅವರ ಮನೆಯಲ್ಲಿ ಪ್ರೀತಿ ಉರ್ದುವಿನಲ್ಲಿ ನಡೆಯುತ್ತಿತ್ತು, ಜಗಳ ಕನ್ನಡದಲ್ಲಿ. ಸವತಿಯ ಮಾತು ಬಂದಾಗಲೆಲ್ಲ ಕನ್ನಡವೇ.

ಶೌಕತ್ ರಾಣೆಬೆನ್ನೂರಿನ ಬೀಜದ ಅಂಗಡಿಯವರ ಮಗ. ಸೋವಿಯತ್ ದೇಶದ ವಿದ್ಯಾರ್ಥಿವೇತನ ಸಿಕ್ಕಿ ಕಜಾನ್ ನಗರಕ್ಕೆ ಡಾಕ್ಟರಿಕೆ ಓದಲು ಹೋದಾಗ ಅವನ ಪೆಟ್ಟಿಗೆಯಲ್ಲಿ ಎರಡು ಮಂಕಿ ಟೋಪಿ, ಒಂದು ಡಬ್ಬಿ ಶೇಂಗಾ ಚಟ್ನಿ. ಚಟ್ನಿ ಮುಗಿಯುವ ಮೊದಲೇ ಭಾಷೆ ಕಲಿತ. ಕೊನೆಯ ವರ್ಷ ಹಳ್ಳಿಗಾಡಿನಲ್ಲಿ ಕೆಲಸ ಮಾಡಿ ಬರಬೇಕು ಎಂದು ಅವನನ್ನು ಕಳಿಸಿದ್ದು ತಿಖೊರೆಚ್ಯೆಗೆ. ಹೆಸರಿನ ಅರ್ಥ ಸದ್ದಿಲ್ಲದ ನದಿ. ಹೊಳೆ ನಡುವೆ ಹರಿಯುತ್ತದೆ. ಬಡಗಲಿಗೆ ಬರ್ಚ್ ಮತ್ತು ಪೈನ್ ಕಾಡು. ತೆಂಕಲಿಗೆ ಗೋಧಿಯಂಥ ರೈ ಧಾನ್ಯ, ಅಗಸೆ, ಆಲೂಗಡ್ಡೆ. ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಅಡ್ಡಲಾಗಿ ರೈಲುಹಳಿ. ಹಳಿಯೂ ಹೊಳೆಯೂ ಕೂಡುವಲ್ಲಿ ತಾಲ್ಲೂಕು ಕೇಂದ್ರ, ಒಂದು ಆಸ್ಪತ್ರೆ, ಒಂದು ಬ್ರೆಡ್ ಕಾರ್ಖಾನೆ. ಜನರಲ್ಲಿ ಅರ್ಧ ಭಾಗ ಅಲ್ಲೇ. ಉಳಿದರ್ಧ ಹೊಳೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಚೆದುರಿಹೋಗಿದ್ದರು, ಒಂದೊಂದರಲ್ಲಿ ಬೆರಳೆಣಿಕೆಯ ಮನೆ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿ ಅದೇ ರಸ್ತೆಯಾಗುತ್ತದೆ. ಹಿಮ ಕರಗುವಾಗ ಇರುವ ರಸ್ತೆಯೂ ಕೆಸರಲ್ಲಿ ಮಾಯವಾಗುತ್ತದೆ. ಆಗ ಟ್ರಾಕ್ಟರ್ ಬಿಟ್ಟರೆ ದೇವರೇ ಗತಿ.

ಶೌಕತ್ ತಂಗಿದ್ದದ್ದು ಬೆರ್ಯೋಜ್ಕಿ ಎಂಬ ಹಳ್ಳಿಯಲ್ಲಿ, ಝೋಯಾ ಪೆತ್ರೋವ್ನಾ ಎಂಬ ಹೆಂಗಸಿನ ಮನೆಯಲ್ಲಿ. ಆಕೆ ಅಲ್ಲಿನ ಫೆಲ್ಡ್‌ಶರ್. ಅತ್ತ ಪೂರ್ತಿ ಡಾಕ್ಟರೂ ಅಲ್ಲ, ಇತ್ತ ಬರೀ ನರ್ಸೂ ಅಲ್ಲ. ಡಾಕ್ಟರಿಲ್ಲದ ಹಳ್ಳಿಗೆ ಅವರೇ ಡಾಕ್ಟರು. ಬೆಳಗಾಗುತ್ತಲೇ ಆಕೆ ಕಾಲಿಗೆ ತುಪ್ಪಳದ ಬೂಟು ಏರಿಸಿಕೊಂಡು ಹಿತ್ತಿಲ ದಿಬ್ಬ ಹತ್ತಿ ನಿಲ್ಲುತ್ತಿದ್ದಳು. ಎಲ್ಲ ಮನೆಯ ಚಿಮಣಿಯಿಂದಲೂ ಹೊಗೆ ಏಳುತ್ತಿದೆಯೋ ನೋಡುವುದು. ಆ ಚಳಿಯಲ್ಲಿ ಒಲೆ ಹಚ್ಚದ ಮನೆ ಅಂದರೆ ಎದ್ದೇಳಲಾಗದ ಮನುಷ್ಯ ಎಂದೇ ಲೆಕ್ಕ. ಹೊಗೆ ಏಳದ ಮನೆ ಕಂಡರೆ ಚೀಲ ಹೆಗಲಿಗೇರಿಸಿ ನಡೆದುಬಿಡುತ್ತಿದ್ದಳು. ಹಿಂದೆಯೇ ರಾಣೆಬೆನ್ನೂರಿನ ಹುಡುಗ, ಮಂಕಿ ಟೋಪಿ ಹಾಕಿಕೊಂಡು, ಜಾರುತ್ತ, ಬೀಳುತ್ತ. ಆರು ವರ್ಷ ಕಾಲೇಜಿನಲ್ಲಿ ಕಲಿಯದ್ದನ್ನು ಆ ದಿಬ್ಬದ ಮೇಲೆ ಕಲಿತೆ ಎಂದು ಅವನು ಹೇಳುತ್ತಿದ್ದ. ಪ್ರತಿ ಸಲ ಹೇಳುವಾಗಲೂ ದನಿ ಒಂಚೂರು ಒದ್ದೆಯಾಗುತ್ತಿತ್ತು.

ಸರಿ, ಕಲಿತ. ಕಲಿತದ್ದನ್ನು ಅಲ್ಲೇ ಬಿಟ್ಟು ಬರಬಾರದೇ? ಮೆಲಾಕಾದ ಅವರ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಟೆರೇಸ್ ಮನೆಗಳು, ಚಿಮಣಿ ಎಲ್ಲಿಂದ ಬರಬೇಕು? ಶೌಕತ್ ಅದಕ್ಕೂ ದಾರಿ ಹುಡುಕಿದ. ಎಲ್ಲರೂ ರಾತ್ರಿ ಮುಂಬಾಗಿಲ ದೀಪ ಹಾಕುತ್ತಾರೆ, ಬೆಳಗ್ಗೆ ಆರಿಸುತ್ತಾರೆ. ಬಿಸಿಲು ಬಂದರೂ ದೀಪ ಉರಿಯುತ್ತಿದ್ದರೆ ಒಳಗೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ನಸುಕಿನ ಫಜರ್ ನಮಾಜು ಮುಗಿಸಿ, ಬಿಸಿಲೇರಿದ ಮೇಲೆ ಮಸೀದಿಯಿಂದ ಬರುವಾಗ ಬೀದಿಯುದ್ದಕ್ಕೂ ದೀಪ ನೋಡುತ್ತ ಬರುತ್ತಿದ್ದ. ಒಮ್ಮೆ ಪಕ್ಕದ ಚೀನೀ ಮುದುಕರು ದೀಪ ಆರಿಸಲು ಮರೆತು ಸುಖವಾಗಿ ಮಲಗಿದ್ದರು. ಇವನು ಗೇಟು ಹಾರಿ ಬಾಗಿಲು ಬಡಿದು, ಅವರ ನಾಡಿ ಹಿಡಿದು ನೋಡಿಯೇ ಬಿಟ್ಟ. ಮುದುಕರು ಬರೀ ಚಡ್ಡಿಯಲ್ಲಿದ್ದರು. ಬದ್ರುನ್ನೀಸಾಳಿಗೆ ಒಂದು ವಾರ ಬೀದಿಯಲ್ಲಿ ತಲೆ ಎತ್ತಲಾಗಲಿಲ್ಲ. "ಮಂದಿ ಮನಿ ದೀಪಾ ನೋಡ್ಕೋತ ಅಡ್ಡಾಡೂದು ಬಿಡ್ರಿ ಸಾಹೇಬ್ರ, ನಾಳೆ ಪೊಲೀಸರು ಹಿಡಕೊಂಡು ಹೋದ್ರ ನಾ ಬಿಡಸಾಕ ಬರಂಗಿಲ್ಲ," ಅಂದಳು. ಅವನು ಬಿಡಲಿಲ್ಲ. ಕೊನೆಗೆ ಬೀದಿಯವರೇ ಅಲಾರಂ ಇಟ್ಟು ಎದ್ದು ದೀಪ ಆರಿಸುವುದನ್ನು ರೂಢಿ ಮಾಡಿಕೊಂಡರು. ಎದುರು ಮನೆಯ ತಮಿಳರ ಸೀತಾಲಕ್ಷ್ಮಿ ಅಂತೂ ಕಿಟಕಿಯಿಂದಲೇ, "ಡಾಕ್ಟರ್, ಐ ಆಮ್ ಓಕೆ ಲಾ," ಎಂದು ಕೂಗಿ ಹೇಳುತ್ತಿದ್ದಳು.

ಮಗಳು ಹುಟ್ಟಿದಾಗ ಝೋಯಾ ಎಂದು ಹೆಸರಿಡೋಣ ಅಂದವನು ಶೌಕತ್. ಬಂಧುಗಳೆಲ್ಲ ಚೆಂದದ ಹೆಸರು ಎಂದು ಮೆಚ್ಚಿದರು. ಯಾವ ಝೋಯಾ ಎನ್ನುವುದು ಬದ್ರುನ್ನೀಸಾಳಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದಳು, ಯಾಕೆಂದರೆ ಹೊಗೆ ನೋಡುತ್ತ ದಿಬ್ಬದ ಮೇಲೆ ನಿಲ್ಲುವ ಆ ಮುದುಕಿಯ ಮೇಲೆ ಅವಳಿಗೂ ಒಳಗೊಳಗೆ ಪ್ರೀತಿಯಿತ್ತು. ಇದನ್ನು ಗಂಡನಿಗೆ ಹೇಳುವಷ್ಟು ದಡ್ಡಿ ಅವಳಲ್ಲ.

ಮಗುವಿಗೆ ಮೂರು ವರ್ಷವಿದ್ದಾಗ ಮಲೇಷ್ಯಾಕ್ಕೆ ಬಂದರು. ಮೊದಲು ಒಂದು ಎಸ್ಟೇಟ್ ಆಸ್ಪತ್ರೆ, ಆಮೇಲೆ ಮೆಲಾಕಾದ ಕಾಲೇಜು. ಝೋಯಾಳಿಗೆ ಕನ್ನಡ, ಉರ್ದು ಎರಡೂ ತಿಳಿಯುತ್ತಿದ್ದವು. ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷೊಂದೇ. ಅವಳನ್ನು ಮಲಗಿಸುವ ಕೆಲಸ ಅಪ್ಪನದು. ಜಿನ್ನುಗಳ ಕಥೆಯಾಗಲಿ ರಾಜಕುಮಾರಿಯ ಕಥೆಯಾಗಲಿ ಅವನಿಗೆ ಬಾರದು. ಮಗಳನ್ನು ಬೋರಲು ಮಲಗಿಸಿ ಬೆನ್ನ ಮೇಲೆ ಬೆರಳಲ್ಲಿ ತಾಲ್ಲೂಕು ಬರೆಯುತ್ತಿದ್ದ. ಬೆನ್ನುಮೂಳೆ ಹೊಳೆ. ಭುಜದ ಕಡೆ ಕಾಡು, ಸೊಂಟದ ಕಡೆ ಆಲೂಗಡ್ಡೆ ಹೊಲ, ನಡುವೆ ಅಡ್ಡಲಾಗಿ ರೈಲು. ಎಡಗಡೆಯ ಹೆಗಲ ಮೂಳೆಯ ಕೆಳಗೆ, ಮುಟ್ಟಿದರೆ ಕಚಗುಳಿಯಾಗುವ ಜಾಗದಲ್ಲಿ, ಬೆರ್ಯೋಜ್ಕಿ. ಬೆರಳು ಅಲ್ಲಿಗೆ ಬಂದೊಡನೆ ಹುಡುಗಿ ಕಿಲಕಿಲ ನಗಬೇಕು. ಆಮೇಲೆ ಝೋಯಾ ಪೆತ್ರೋವ್ನಾ ದಿಬ್ಬ ಹತ್ತಬೇಕು, ಒಂದೊಂದೇ ಮನೆಯ ಹೊಗೆ ಏಳಬೇಕು. ಎಲ್ಲ ಮನೆಯಲ್ಲೂ ಹೊಗೆ ಬಂದರೆ ಮಗಳಿಗೆ ನಿದ್ದೆ.

ಮಗಳಿಗೆ ತನ್ನ ಊರಿನ ಕಥೆ ಹೇಳಲು ಬದ್ರುನ್ನೀಸಾಳಿಗೇನು ಧಾಡಿ ಎಂದು ನೀವು ಕೇಳಬಹುದು. ಹೇಳುತ್ತಿದ್ದಳು, ಒಂದು ಕಾಲದಲ್ಲಿ. ತೊಂಬತ್ತೇಳರ ಹೊಗೆಯ ತಿಂಗಳು ಎಲ್ಲವನ್ನೂ ನಿಲ್ಲಿಸಿತು. ಇಂಡೋನೇಷ್ಯಾದ ಕಾಡುಗಳು ಉರಿದು ಮಲೇಷ್ಯಾದ ಆಕಾಶವೆಲ್ಲ ಬೂದಿ ಬಣ್ಣವಾಗಿದ್ದಾಗ ಸವಣೂರಿನಿಂದ ಅಣ್ಣನ ಫೋನು ಬಂತು: ಅಮ್ಮನಿಗೆ ಸೀರಿಯಸ್, ಕೂಡಲೇ ಬಾ. ಹೊಗೆಯಿಂದಾಗಿ ವಿಮಾನ ಏಳಲಿಲ್ಲ. ಏರ್‌ಪೋರ್ಟಿನ ನೆಲದ ಮೇಲೆ ಕೂತು ಬೋರ್ಡು ನೋಡಿದ್ದೇ ಬಂತು. ಕೊನೆಗೂ ವಿಮಾನ ಎದ್ದು, ಮದ್ರಾಸಿನಲ್ಲಿಳಿದು, ರೈಲು ಹಿಡಿದು, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಡುಗೆಮನೆಗೆ ಹೋದಳು. ಅಮ್ಮನ ಕಟ್ಟಿಗೆ ಒಲೆ ತಣ್ಣಗಿತ್ತು, ಊದುಗೊಳವೆ ಗೋಡೆಗೆ ಒರಗಿಕೊಂಡಿತ್ತು. ಅದನ್ನು ಎತ್ತಿಕೊಳ್ಳಲೂ ಆಗದೆ ಬಿಡಲೂ ಆಗದೆ ಅಲ್ಲೇ ಕುಸಿದು ಕೂತುಬಿಟ್ಟಳು. ತಿರುಗಿ ಮೆಲಾಕಾಗೆ ಬಂದ ಮೇಲೆ ಸವಣೂರು ಎಂಬ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಮಗಳು, "ವೇರ್ ಈಸ್ ನಾನಿ’ಸ್ ಹೌಸ್?" ಎಂದು ಕೇಳಿದರೆ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು. ಹುಡುಗಿ ಈ ನಾನಿಯನ್ನು, ತಾಯಿಯ ತಾಯಿಯನ್ನು, ನೋಡಿದ್ದು ಬುದ್ಧಿ ತಿಳಿದ ಮೇಲೆ ಒಂದೇ ಸಲ, ಐದನೆಯ ವಯಸ್ಸಿನಲ್ಲಿ. ಅಜ್ಜಿಯ ತೊಡೆಯ ಮೇಲೆ ಕೂತು ಊದುಗೊಳವೆ ಊದಿ ಮುಖವೆಲ್ಲ ಮಸಿ ಮಾಡಿಕೊಂಡಿದ್ದಳು. ಸ್ವಲ್ಪ ದಿನದಲ್ಲಿ ಕೇಳುವುದನ್ನೂ ಬಿಟ್ಟಳು.

ಹೀಗಿರುವಾಗ ತೊಂಬತ್ತೊಂಬತ್ತರ ಹರಿ ರಾಯಾ ಬಂತು. ಹರಿ ರಾಯಾ ಅಂದರೆ ನಮ್ಮ ರಮ್ಜಾನ್ ಹಬ್ಬವೇ. ಮಲೇಷ್ಯಾದಲ್ಲಿ ಆ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಲೇಬೇಕು; ಅದಕ್ಕೆ ‘ಬಾಲಿಕ್ ಕಂಪುಂಗ್’ ಅನ್ನುತ್ತಾರೆ. ಕಂಪುಂಗ್ ಅಂದರೆ ಹುಟ್ಟಿದೂರು, ಅಜ್ಜ ಅಜ್ಜಿ ಇರುವ ಹಳ್ಳಿ. ಬೀದಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ರಜೆ ಶುರುವಾಗುವ ಮೊದಲು ಝೋಯಾಳ ಕ್ಲಾಸ್ ಟೀಚರು ಮಕ್ಕಳಿಗೆಲ್ಲ ಒಂದು ಕೆಲಸ ಹಚ್ಚಿದರು. ಹಬ್ಬ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕಂಪುಂಗ್ ಬಗ್ಗೆ ಒಂದು ಚಾರ್ಟು ಮಾಡಿ ತರಬೇಕು. ನಕ್ಷೆ ಇರಬೇಕು, ಹೊಳೆ ಬೆಟ್ಟ ಇರಬೇಕು, ಏನು ಬೆಳೆಯುತ್ತಾರೆ, ಎಷ್ಟು ಜನ ಇದ್ದಾರೆ ಎಲ್ಲ ಬರೆಯಬೇಕು. ಅಪ್ಪ ಅಮ್ಮಂದಿರನ್ನು ಕರೆದು ಅವರ ಮುಂದೆ ಮಾತಾಡಬೇಕು. ಟೀಚರನ್ನು ಅಲ್ಲಿ ಚಿಕ್ಗು ಅನ್ನುತ್ತಾರೆ. ಚಿಕ್ಗು ಹೇಳಿದ್ದನ್ನು ಮನೆಗೆ ಬಂದು ಒಪ್ಪಿಸಿದ ಝೋಯಾ, ಉಸಿರು ಬಿಡದೆ, ತಾನು ತಿಖೊರೆಚ್ಯೆ ಮಾಡುತ್ತೇನೆ ಅಂದಳು.

ಬದ್ರುನ್ನೀಸಾಳ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು.

"ಅದು ನಿನ್ನ ಊರಲ್ಲ," ಅಂದಳು.

"ಬಟ್ ಐ ನೋ ಇಟ್, ಅಮ್ಮೀ."

ಮಗಳ ಮಾತು ಅಷ್ಟೇ. ಎದೆಗೆ ಚುಚ್ಚಿದ್ದೂ ಅದೇ. ಊರಿನ ಮೂರು ದೊಡ್ಡ ಹುಣಸೆ ಮರಗಳು, ಹತ್ತು ಜನ ಕೈ ಕೈ ಹಿಡಿದು ನಿಂತರೂ ತಬ್ಬಲಾಗದ ಅವುಗಳ ಬೊಡ್ಡೆ, ವೀಳ್ಯದೆಲೆ ತೋಟಗಳು, ಸವಣೂರು ಖಾರ, ಓಣಿಯ ಕೊನೆಗೆ ಅಮ್ಮನ ಮನೆ, ಇವೆಲ್ಲ ಇರುವಾಗ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ನಾಕು ಮಂದಿಯ ಮುಂದೆ ನಿಂತು ರಷ್ಯಾದ ಕೆಸರನ್ನು ನಮ್ಮೂರು ಅನ್ನುವುದೇ? ಹೇಳಿದರೆ ಈಗಲೇ ಹೇಳಬೇಕು. ಬಾಯಿ ತೆರೆದಳು. ಅಮ್ಮನ ಒಲೆ ಕಣ್ಣ ಮುಂದೆ ಬಂತು. ಮತ್ತೆ ಚಪಾತಿ ಲಟ್ಟಿಸತೊಡಗಿದಳು.

ಸಿಟ್ಟು ಎಲ್ಲಿಗೆ ಹೋಗಬೇಕು? ಗಂಡನ ಮೇಲೆ ಹೋಯಿತು. ಅವನೋ, ಸಂಜೆ ಬಂದು ಸುದ್ದಿ ಕೇಳಿದವನೇ ಹಬ್ಬ ಮುಂಚೆಯೇ ಬಂದವನ ಹಾಗೆ ಆಡಿದ. ಚಾರ್ಟಿನ ಹಾಳೆ ತಂದ, ಬಣ್ಣ ತಂದ, ಕಾಡಿಗೆ ಇದೇ ಹಸಿರು ಬೇಕು ಎಂದು ಅಂಗಡಿಗೆ ಎರಡು ಸಲ ಹೋದ.

"ಮಗಳಿಗೆ ನಿಮ್ಮ ರಾಣೆಬೆನ್ನೂರರ ಹೇಳಬೇಕಿತ್ತಿಲ್ಲೊ," ಬದ್ರುನ್ನೀಸಾ ಪಾತ್ರೆ ಕುಕ್ಕಿದಳು. "ಅದೂ ಇಲ್ಲ, ಇದೂ ಇಲ್ಲ. ಯಾರದೋ ಊರನ್ನ ಕೂಸಿನ ತಲ್ಯಾಗ ತುಂಬೀರಿ."

"ಯಾರದೋ ಹೆಂಗಾಗತೈತಿ ಬದ್ರೂ? ನಾ ಅಲ್ಲಿ ಉಂಡೇನಿ, ಮಲಗೇನಿ."

"ಹೌದ್ರಿ. ನಾ ಇಲ್ಲಿ ಸುಮ್ಮನ ಅಡಿಗಿ ಮಾಡಾಕಿ."

ಶೌಕತ್ ಚಾರ್ಟಿನ ಕಡೆ ತಿರುಗಿದ. ಒಂದೇ ಒಂದು ಬಾಕಿಯಿತ್ತು, ಜನಸಂಖ್ಯೆ. ಅವನ ಹತ್ತಿರ ಇದ್ದದ್ದು ತಾನಿದ್ದ ಕಾಲದ ಲೆಕ್ಕ. ಹಳೆಯದನ್ನು ಬರೆಯುವುದು ತಪ್ಪು ಎಂದು ಕಜಾನ್‌ನಲ್ಲಿದ್ದ ಅಬೀದ್‌ಗೆ ಫೋನು ಮಾಡಿದ. ಅಬೀದ್ ಅವನ ಜೊತೆ ಓದಿದ ಗುಲಬರ್ಗಾದವನು. ಡಾಕ್ಟರಿಕೆ ಬಿಟ್ಟು ಅಲ್ಲೇ ಚಹಾಪುಡಿಯ ವ್ಯಾಪಾರ ಹಿಡಿದಿದ್ದ, ಸುತ್ತಲಿನ ತಾಲ್ಲೂಕುಗಳಿಗೆಲ್ಲ ವ್ಯಾನು ಓಡಿಸುತ್ತಿದ್ದ. ಹೋದಾಗ ಕಚೇರಿಯಲ್ಲಿ ಕೇಳಿ, ಹಾಗೇ ಬೆರ್ಯೋಜ್ಕಿಗೂ ಒಂದು ಸುತ್ತು ಹೋಗಿ ಬಂದು ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ.

ಅಬೀದನ ಫೋನು ಬಂದದ್ದು ಹಬ್ಬದ ದಿನ, ನಮಾಜು ಮುಗಿಸಿ ಶೀರ್‌ಖುರ್ಮಾ ಪಾಯಸ ಬಟ್ಟಲಿಗೆ ಹಾಕುತ್ತಿದ್ದ ಹೊತ್ತಿಗೆ. ಈದ್ ಮುಬಾರಕ್, ನಗು, ಅವರಿವರ ವಿಚಾರ. ಆಮೇಲೆ ಶೌಕತ್ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. "ಯಾವಾಗ?" ಅಂದ. ಇನ್ನಷ್ಟು ಕೇಳಿಸಿಕೊಂಡು, "ಒಬ್ಬರೂ ಇಲ್ಲೇನು?" ಅಂದ. ಫೋನು ಇಟ್ಟು ಕುರ್ಚಿಯಲ್ಲಿ ಕೂತ. ಮುಂದಿಟ್ಟ ಬಟ್ಟಲು ಮುಟ್ಟಲಿಲ್ಲ.

ಬದ್ರುನ್ನೀಸಾ ಹತ್ತಿರ ಹೋದಳು. ಒಂದು ವಾರದಿಂದ ಊದಿಸಿಕೊಂಡಿದ್ದ ಮುಖ ತಾನಾಗಿಯೇ ಇಳಿದಿತ್ತು.

"ಏನಾತ್ರಿ?"

"ಝೋಯಾ ಪೆತ್ರೋವ್ನಾ ಹೋಗಿ ಮೂರು ಚಳಿಗಾಲ ಆತಂತ. ಆಕಿ ಹೋದಮ್ಯಾಲೆ ಹೊಗಿ ನೋಡವರು ಯಾರೂ ಉಳೀಲಿಲ್ಲ. ಇದ್ದ ನಾಕು ಮುದುಕರನ್ನೂ ಮಕ್ಕಳು ಪ್ಯಾಟಿಗೆ ಕರಕೊಂಡು ಹೋದ್ರಂತ. ಅಬೀದ್ ದಿಬ್ಬದ ತನಕ ಹೋಗಿದ್ದ. ಹಿಮದಾಗ ಒಂದು ಹೆಜ್ಜಿ ಗುರುತು ಇಲ್ಲಂತ, ಬದ್ರೂ. ಒಂದೂ ಮನ್ಯಾಗ ಹೊಗಿ ಇಲ್ಲಂತ."

ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. ಬದ್ರುನ್ನೀಸಾಳಿಗೆ ಇಷ್ಟು ವರ್ಷ ಸವತಿ ಸವತಿ ಎಂದು ಬೈದದ್ದೆಲ್ಲ ನೆನಪಾಯಿತು. ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅಷ್ಟರಲ್ಲಿ ಹೊಸ ಲಂಗ ಹಾಕಿಕೊಂಡು ಝೋಯಾ ಬಂದಳು, ಕೈಯಲ್ಲಿ ಸ್ಕೆಚ್ ಪೆನ್ನು. ಅಬೀದ್ ಅಂಕಲ್ ಜನಸಂಖ್ಯೆ ಹೇಳಿದರಾ ಎಂದು ಕೇಳಿದಳು.

ತಾಲ್ಲೂಕಿನ ಲೆಕ್ಕ, ಕೇಂದ್ರದ ಲೆಕ್ಕ ಹೇಳಿದ ಶೌಕತ್. ಎರಡೂ ಇಳಿದಿದ್ದವು.

"ಆಂಡ್ ಬೆರ್ಯೋಜ್ಕಿ?"

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಮಗಳ ಮುಖ ನೋಡಿ, "ಸೊನ್ನಿ," ಅಂದ. ಸುಳ್ಳು ಹೇಳಿ ಅವನಿಗೆ ರೂಢಿಯಿಲ್ಲ.

ಹುಡುಗಿ ಅಳಲಿಲ್ಲ. ಹುಬ್ಬು ಗಂಟಿಕ್ಕಿ, ಸೊನ್ನೆ ಅಂದರೆ ಅದು ಜನಸಂಖ್ಯೆಯೇ ಅಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಗೊಣಗಿಕೊಂಡು ಕೋಣೆಗೆ ಹೋದಳು.

ಬದ್ರುನ್ನೀಸಾಳ ಮನಸ್ಸಿನಲ್ಲಿ ಒಂದು ಆಸೆ ಮೊಳೆಯಿತು, ನಿಜ ಹೇಳಬೇಕು. ಆ ಊರೇ ಇಲ್ಲ ಅಂದ ಮೇಲೆ ಮಗಳು ತನ್ನ ಹತ್ತಿರ ಬರಬಹುದು, ಅಮ್ಮೀ ನಿನ್ನ ಊರು ಹೇಳು ಅನ್ನಬಹುದು. ಕೇಳಿದರೆ ಈ ಸಲ ಎದ್ದು ಹೋಗಬಾರದು ಎಂದು ಗಟ್ಟಿಮಾಡಿಕೊಂಡಳು. ರಜೆ ಮುಗಿಯುವ ತನಕ ಕಾದಳು. ಮಗಳು ಬರಲಿಲ್ಲ. ಬಾಗಿಲು ಮುಚ್ಚಿಕೊಂಡು ಬರೆಯುತ್ತಲೇ ಇದ್ದಳು. ಕೊನೆಗೊಂದು ಮಧ್ಯಾಹ್ನ ಬಂದು ಕೇಳಿದ್ದು ಇಷ್ಟೇ: ಹೊಳೆಗೆ ಬಣ್ಣ ತುಂಬಲು ಸಹಾಯ ಮಾಡುತ್ತೀಯಾ? ಬದ್ರುನ್ನೀಸಾ ನೆಲದ ಮೇಲೆ ಕೂತು ಸವತಿಯ ಹೊಳೆಗೆ ನೀಲಿ ತುಂಬಿದಳು. ಗೆರೆಯಾಚೆ ಹೋಗದ ಹಾಗೆ, ಚೆಂದ ತುಂಬಿದಳು. ಬೆರ್ಯೋಜ್ಕಿ ಇರಬೇಕಾದ ಮೂಲೆಯ ಮೇಲೆ ಮಗಳು ಪುಸ್ತಕ ಮುಚ್ಚಿಟ್ಟಿದ್ದಳು. ಅದನ್ನು ಎತ್ತಿ ನೋಡುವುದು ಸರಿಯಲ್ಲ ಅನ್ನಿಸಿತು.

ಚಾರ್ಟು ತೋರಿಸುವ ದಿನ ಶಾಲೆಯ ಸಭಾಂಗಣದಲ್ಲಿ ಅಪ್ಪ ಅಮ್ಮಂದಿರು ಸಾಲಾಗಿ ಕೂತಿದ್ದರು. ಶೌಕತ್ ಟೈ ಕಟ್ಟಿಕೊಂಡು ಬಂದಿದ್ದ. ಮಕ್ಕಳು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಹಳ್ಳಿ ತೋರಿಸಿದರು. ಒಬ್ಬಳ ಕಂಪುಂಗ್‌ನಲ್ಲಿ ದುರಿಯಾನ್ ಹಣ್ಣಿನ ತೋಟ, ಇನ್ನೊಬ್ಬನದರಲ್ಲಿ ಸಮುದ್ರ, ಮತ್ತೊಬ್ಬನ ಅಜ್ಜನಿಗೆ ಹನ್ನೊಂದು ಬೆಕ್ಕು. ಸೀತಾಲಕ್ಷ್ಮಿಯ ಮಗ ತನ್ನ ಕಂಪುಂಗ್ ಇದೇ ಬೀದಿ ಎಂದು ಹೇಳಿ ತಮ್ಮ ಮನೆಯ ನಕ್ಷೆ ತೋರಿಸಿದ. ಅದರಲ್ಲಿ ದೀಪ ನೋಡುತ್ತ ನಿಂತ ಡಾಕ್ಟರ ಚಿತ್ರವೂ ಇತ್ತು, ಸಭೆಯೆಲ್ಲ ನಕ್ಕಿತು. ಆಮೇಲೆ ಝೋಯಾಳ ಸರದಿ.

ಅವಳು ಇಂಗ್ಲಿಷಿನಲ್ಲಿ, ಹೆದರದೆ, ನಿಧಾನವಾಗಿ ಹೇಳಿದಳು. ಇದು ತಿಖೊರೆಚ್ಯೆ. ಇದು ನಮ್ಮ ಹೊಳೆ, ಅಮ್ಮೀ ಬಣ್ಣ ತುಂಬಿದ್ದು. ಮೇಲೆ ಕಾಡು, ಕೆಳಗೆ ಆಲೂಗಡ್ಡೆ. ಚಳಿಗಾಲದಲ್ಲಿ ಹೊಳೆಯೇ ರಸ್ತೆ. ಇಷ್ಟು ಜನ ಪೇಟೆಯಲ್ಲಿದ್ದಾರೆ, ಇಷ್ಟು ಜನ ಹಳ್ಳಿಗಳಲ್ಲಿದ್ದಾರೆ, ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಕಡ್ಡಿಯನ್ನು ಮೇಲಿನ ಎಡಮೂಲೆಗೆ ಒಯ್ದಳು. ಅಲ್ಲಿ ಬೆರ್ಯೋಜ್ಕಿ ಇತ್ತು. ಮನೆಗಳೆಲ್ಲ ಬಿಳಿ ಹಿಮದಲ್ಲಿ ಮುಚ್ಚಿದ್ದವು, ಒಂದೇ ಒಂದು ಮನೆಯ ಚಿಮಣಿಯಿಂದ ಬೂದು ಬಣ್ಣದ ಹೊಗೆ ಸುರುಳಿ ಸುರುಳಿಯಾಗಿ ಚಾರ್ಟಿನ ಅಂಚಿನವರೆಗೂ ಏರಿತ್ತು.

"ಬೆರ್ಯೋಜ್ಕಿಯ ಜನಸಂಖ್ಯೆ ಒಂದು," ಅಂದಳು ಝೋಯಾ. "ಅಲ್ಲಿ ನನ್ನ ನಾನಿ ಇದ್ದಾಳೆ."

ಬದ್ರುನ್ನೀಸಾಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಚಿಕ್ಗು ಮುಂದೆ ಬಾಗಿ ಮೆತ್ತಗೆ, ನಿನ್ನ ನಾನಿ ರಷ್ಯಾದವಳಾ ಎಂದು ಕೇಳಿದರು.

"ಅಲ್ಲ. ಅವಳ ಊರು ಎಲ್ಲಿ ಅಂತ ನನಗೆ ನೆನಪಿಲ್ಲ. ಕೇಳಿದರೆ ಅಮ್ಮೀಗೆ ಅಳು ಬರುತ್ತೆ. ಅದಕ್ಕೆ ನಾನೇ ಇಲ್ಲಿ ಇಟ್ಟಿದ್ದೀನಿ. ಇಲ್ಲಿ ಮನೆ ಖಾಲಿ ಇತ್ತು. ನಾನಿಗೆ ಒಲೆ ಹಚ್ಚೋಕೆ ಬರುತ್ತೆ, ಅ‍ವಳ ಹತ್ತಿರ ಉದ್ದ ಕೊಳವೆ ಇದೆ." ಹುಡುಗಿ ಸಭೆಯಲ್ಲಿ ಅಪ್ಪನ ಮುಖ ಹುಡುಕಿ, ಸಮಾಧಾನ ಹೇಳುವ ಹಾಗೆ ಸೇರಿಸಿದಳು: "ಈಗ ಹೊಗೆ ಬರ್ತಾ ಇದೆ, ಅಬ್ಬಾ."

ಚಪ್ಪಾಳೆ ಬಿತ್ತು. ಶೌಕತ್ ಮತ್ತೆ ಕನ್ನಡಕ ಒರೆಸತೊಡಗಿದ. ಬದ್ರುನ್ನೀಸಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ತಾನು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅಮ್ಮನನ್ನು ಜೋಪಾನ ಮಾಡಿದ್ದೇನೆ ಅಂದುಕೊಂಡಿದ್ದಳು. ಊರಿಲ್ಲದ ಅಮ್ಮನಿಗೆ ಈ ಕೂಸು ತಾನೇ ಒಂದು ಮನೆ ಹುಡುಕಿ, ಒಲೆ ಹಚ್ಚಿ ಕೊಟ್ಟಿತ್ತು. ನಾಚಿಕೆಯೂ ಆಯಿತು, ಮಗಳ ಮೇಲೆ ಉಕ್ಕಿ ಬರುವಷ್ಟು ಪ್ರೀತಿಯೂ ಆಯಿತು. ಪಕ್ಕದಲ್ಲಿದ್ದ ಸೀತಾಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

ಮನೆಗೆ ಬರುವಾಗ ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ಪರೋಟದಂಥ ರೊಟ್ಟಿ ಚನಾಯ್ ಪೊಟ್ಟಣ ಕಟ್ಟಿಸಿ ತಪಾವ್ ಮಾಡಿಸಿಕೊಂಡರು, ಅಡುಗೆಯ ಯೋಚನೆ ಯಾರಿಗೂ ಇರಲಿಲ್ಲ. ಊಟವಾದ ಮೇಲೆ ಬದ್ರುನ್ನೀಸಾ ಫ್ಯಾನಿನ ಕೆಳಗೆ ಚಾಪೆ ಹಾಸಿದಳು.

"ಬಾ ಇಲ್ಲಿ. ಬೋರಲು ಮಲ್ಕೊ."

"ವೈ?"

"ಮಲ್ಕೊ ಅಂದ್ನೆಲ್ಲ."

ಝೋಯಾ ಶಾಲೆಯ ಯೂನಿಫಾರ್ಮಿನಲ್ಲೇ ಬೋರಲು ಮಲಗಿದಳು. ಬದ್ರುನ್ನೀಸಾ ಅವಳ ಕುತ್ತಿಗೆಯ ಹತ್ತಿರ ಬೆರಳಿಟ್ಟಳು.

"ಇದು ಹುಬ್ಬಳ್ಳಿ. ಇಲ್ಲಿಂದ ಬಸ್ಸು ಹತ್ತಬೇಕು. ಕಿಟಕಿ ಸೀಟು ಸಿಗಂಗಿಲ್ಲ, ಜಗಳ ಮಾಡಬೇಕು. ಬಸ್ಸು ಬರತೈತಿ, ಬರತೈತಿ... ಇದು ಶಿಗ್ಗಾಂವಿ. ಇಲ್ಲಿಂದ ಹೊಳ್ಳಿದ್ರ ಸವಣೂರು." ಬೆರಳು ಅಲ್ಲೇ ನಿಂತಿತು. ಮಗಳು ಅಲ್ಲಾಡದೆ ಕಾದಳು. "ಸವಣೂರು," ಮತ್ತೊಮ್ಮೆ ಅಂದಳು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ಈ ಕಡೆ ಎಲಿ ತ್ವಾಟ. ಇಲ್ಲಿ ದೊಡ್ಡ ಹುಣಸಿ ಮರ, ಮೂರು. ನಿಮ್ಮ ಅಬ್ಬಾನ ಕಾಡಿನಾಗೂ ಅಂಥಾ ಮರ ಇಲ್ಲ. ಸಣ್ಣಾಕಿ ಇದ್ದಾಗ ನಾವೆಲ್ಲಾ ಕೈ ಹಿಡದು ತಬ್ಬತಿದ್ವಿ, ಸಾಲತಿರಲಿಲ್ಲ."

"ನಾನಿ ಒಲೆ ಎಲ್ಲಿ?" ಝೋಯಾ ಕನ್ನಡದಲ್ಲಿ ಕೇಳಿದಳು.

ಬದ್ರುನ್ನೀಸಾಳ ಬೆರಳು ಓಣಿ ಹಿಡಿದು ಹೊರಟಿತು. ಮಸೀದಿ ದಾಟಿತು, ಹಿಟ್ಟಿನ ಗಿರಣಿ ದಾಟಿತು, ಎಡಗಡೆಯ ಹೆಗಲ ಮೂಳೆಯ ಕೆಳಗೆ ಬಂದು ನಿಂತಿತು. ಹುಡುಗಿ ಕಿಲಕಿಲ ನಕ್ಕಳು.

"ಅಮ್ಮೀ, ಅದು ಬೆರ್ಯೋಜ್ಕಿ."

"ಹೌದು," ಅಂದಳು ಬದ್ರುನ್ನೀಸಾ. "ಇಲ್ಲೇ. ಮುಂಜಾನೆ ಎದ್ದು ರೊಟ್ಟಿ ಬಡಿಯಾಕ ಕುಂತ್ರ ಓಣಿ ತುಂಬಾ ಹೊಗಿ."

ಶೌಕತ್ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಸೈಬೀರಿಯಾ ಅಂದವರನ್ನು ಒಂದು ದಿನವೂ ತಿದ್ದದೆ ಬಿಟ್ಟವನಲ್ಲ ಅವನು. ಬೆರ್ಯೋಜ್ಕಿ ಎಲ್ಲಿ, ಸವಣೂರು ಎಲ್ಲಿ. ಬಾಯಿ ತೆರೆದ. ಚಾಪೆಯ ಮೇಲಿನ ಇಬ್ಬರನ್ನೂ ಇನ್ನೊಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಒಳಗೆ ಹೋಗಿ ಒಲೆ ಹಚ್ಚಿ ಮೂವರಿಗೂ ಟೀಗೆ ನೀರಿಟ್ಟ.